ರಿಪಬ್ಲಿಕನ್ನರನ್ನು ತೂಗಿದ ಶನಿವಾರಗಳು

ಅಮೆರಿಕದ ರಿಪಬ್ಲಿಕನ್ ಪಕ್ಷ ಯಾರನ್ನು ಅಧ್ಯಕ್ಷ ಪದವಿಗೆ ನಿಲ್ಲಿಸಬೇಕು ಎಂಬುದನ್ನು ನಾವು ಸಿಂಗಪುರದ ಬುಕಿತ್ ಪಂಜಾಂಗಿನ ಒಂದು ವಾಯ್ಡ್ ಡೆಕ್ಕಿನಲ್ಲಿ ಕೂತು ತೀರ್ಮಾನಿಸುತ್ತಿದ್ದೆವು. ನಮ್ಮ ಬ್ಲಾಕಿನ ಬುಡದಲ್ಲಿ, ಕಂಬಗಳ ನಡುವಿನ ಆ ಖಾಲಿ ಜಾಗದಲ್ಲಿ, ಚದುರಂಗದ ಮನೆಗಳನ್ನು ಕೊರೆದ ಒಂದು ಕಲ್ಲಿನ ಮೇಜಿದೆ. ಶನಿವಾರ ಬೆಳಗ್ಗೆ ಹತ್ತಕ್ಕೆ ಅದರ ಸುತ್ತ ಏಳೆಂಟು ಜನ ಕನ್ನಡದವರು. ಒಬ್ಬರಿಗೂ ಅಮೆರಿಕದಲ್ಲಿ ಓಟಿರಲಿಲ್ಲ. ಹೆಚ್ಚಿನವರಿಗೆ ಸಿಂಗಪುರದಲ್ಲಿಯೂ ಇರಲಿಲ್ಲ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ಕೊನೆಯ ಸಲ ಬೆರಳಿಗೆ ಶಾಯಿ ಹಚ್ಚಿಸಿಕೊಂಡದ್ದು ಯಾವಾಗ ಎಂದು ಕೇಳಿದರೆ ಆಕಾಶ ನೋಡುತ್ತಿದ್ದರು. ಓಟಿಲ್ಲದವರು ಎಷ್ಟು ನಿಷ್ಪಕ್ಷಪಾತಿಗಳಾಗಿರಬಲ್ಲರು ಎಂಬುದನ್ನು ನಾನು ಅಲ್ಲಿ ಕಂಡೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಎಷ್ಟು ತಿಂಗಳು ನಡೆಯಿತು ಎಂದರೆ ನಾನು ಏಳು ಎನ್ನುತ್ತೇನೆ. ನನ್ನ ಗಂಡ ನಾಲ್ಕು ಎನ್ನುತ್ತಾನೆ. ಇಬ್ಬರನ್ನೂ ನಂಬಬೇಡಿ. ನನ್ನ ನೆನಪು ನನ್ನ ಪರವಾಗಿ ವಕಾಲತ್ತು ಹಾಕಿಕೊಂಡೇ ಬರುತ್ತದೆ. ಮುಂದೆ ಎಲ್ಲಾದರೂ ನಾನು ಚುರುಕಾಗಿ ಮಾತಾಡಿದ್ದು ಕಂಡರೆ ಅರ್ಧ ಕಳೆದು ಓದಿಕೊಳ್ಳಿ. ಸಿಟ್ಟನ್ನು ಕಳೆಯುವ ಅಗತ್ಯವಿಲ್ಲ, ಅದು ಇದ್ದಷ್ಟೇ ಇದೆ.

ಅಭ್ಯರ್ಥಿಗಳ ಕೋಷ್ಟಕ ಹಾಕಿದ್ದು ನಾನು. ಒನ್-ನಾರ್ತ್‌ನಲ್ಲಿರುವ ನನ್ನ ಆಫೀಸಿನಲ್ಲಿ ನನ್ನ ಕೆಲಸವೇ ಅದು: ಐದು ಕಂಪನಿಗಳು ಒಂದೇ ಬಗೆಯ ಸಾಫ್ಟ್‌ವೇರ್ ತಂದು ಮುಂದಿಟ್ಟಾಗ ಯಾವುದರ ಬಲ ಏನು, ದೌರ್ಬಲ್ಯ ಏನು ಎಂದು ಎರಡು ಕಾಲಂ ಮಾಡಿ ಬರೆಯುವುದು. ಅಭ್ಯರ್ಥಿಗಳ ವಾದ ನಡೆಯುತ್ತಿದ್ದದ್ದು ಅವರ ರಾತ್ರಿ ಒಂಬತ್ತಕ್ಕೆ, ಅಂದರೆ ನಮಗೆ ಬೆಳಗ್ಗೆ. ಎಲ್‌ಆರ್‌ಟಿ ರೈಲಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯ ಫೋನಿನಲ್ಲಿ ನೋಡುತ್ತಾ ಆಫೀಸಿಗೆ ಹೋಗುತ್ತಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಸಂದೇಶ: ‘ಮೇಡಂ, ಟೇಬಲ್ ಅಪ್‌ಡೇಟ್ ಆಯ್ತಾ?’ ಆಗಿರುತ್ತಿತ್ತು. ಅಷ್ಟು ಶ್ರದ್ಧೆಯಿಂದ ನಾನು ನನ್ನ ಮಗಳ ಶಾಲೆಯ ಡೈರಿಯನ್ನೂ ನೋಡಿಲ್ಲ.

ಅಭ್ಯರ್ಥಿಗಳಿಗೆ ನಾವು ಅಡ್ಡಹೆಸರು ಇಟ್ಟಿದ್ದೆವು. ಒಬ್ಬ ಗವರ್ನರ್ ಇದ್ದ. ರಾಜ್ಯ ನಡೆಸಿದ ಅನುಭವ ಅವನ ಬಲ. ಜನರ ಕೈ ಕುಲುಕುವಾಗ ದವಡೆ ನೋಯುತ್ತಿರುವವನ ಮುಖ ಮಾಡುವುದು ದೌರ್ಬಲ್ಯ. ಅವನು ‘ಹಲ್ಲುನೋವು’. ಇನ್ನೊಬ್ಬ ವ್ಯಾಪಾರಸ್ಥ. ಪಟಪಟ ಮಾತಾಡುತ್ತಿದ್ದ, ಅದೇ ಅವನ ಬಲ. ಅವನು ‘ಬುಲೆಟ್ ಟ್ರೇನ್’. ನಿಲ್ದಾಣಗಳಲ್ಲಿ ನಿಲ್ಲುವುದಿಲ್ಲ ಎಂದು ದೌರ್ಬಲ್ಯದ ಕಾಲಂನಲ್ಲಿ ಬರೆದಿದ್ದೆ, ಎಲ್ಲರೂ ನಕ್ಕಿದ್ದರು. ಎಲ್ಲರಿಗಿಂತ ಮುಂದಿದ್ದವನನ್ನು ‘ಮುಂದಿನವನು’ ಎನ್ನುತ್ತಿದ್ದೆವು. ಅವನ ಎರಡೂ ಕಾಲಂನಲ್ಲಿ ಒಂದೇ ವಾಕ್ಯ: ಜನ ಅವನನ್ನು ಚೆನ್ನಾಗಿ ಬಲ್ಲರು. ಒಬ್ಬಳು ಹೆಂಗಸಿದ್ದಳು. ಅವಳಿಗೆ ಮಾತ್ರ ಯಾರೂ ಅಡ್ಡಹೆಸರು ಇಡಲಿಲ್ಲ. ‘ಆಕೆ’ ಎಂದರೆ ಸಾಕಿತ್ತು, ಇನ್ಯಾರೂ ಆಗಿರಲು ಸಾಧ್ಯವಿರಲಿಲ್ಲ.

ಗುಂಪಿಗೆ ಹಿರಿಯರು ಅಂಕಲ್. ಉಡುಪಿ ಕಡೆಯವರು, ಇಲ್ಲಿ ಬಹಳ ವರ್ಷ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಸುತ್ತಲಿನ ಹತ್ತಾರು ಬ್ಲಾಕುಗಳ ಕನ್ನಡದವರು ಸೇರಿ ಕಟ್ಟಿಕೊಂಡ ನಮ್ಮ ಸಣ್ಣ ಬಳಗಕ್ಕೆ ಅವರೇ ಅಧ್ಯಕ್ಷರು. ಕಲ್ಲಿನ ಮೇಜಿಗೆ ಅವರು ಒಂದು ಕಟ್ಟಳೆ ತಂದಿದ್ದರು: ಯಾರನ್ನೇ ಆಗಲಿ ಬೈಯುವ ಮೊದಲು ಅವನ ಒಂದು ಬಲ ಹೇಳಬೇಕು. ಹೇಳದೆ ಬೈದರೆ ಎಲ್ಲರಿಗೂ ಕೋಪಿ, ಅಂದರೆ ಇಲ್ಲಿಯ ಕಾಫಿ, ತರುವ ಸರದಿ ಅವನದು.

ಅಂಕಲ್‌ಗೆ ಬಲಗೈಯಂತಿದ್ದವನು ಮೈಸೂರಿನವನು, ಆಂಗ್ ಮೋ ಕಿಯೋದಲ್ಲಿ ಚಿಪ್ ತಯಾರಿಸುವ ಕಡೆ ಇಂಜಿನಿಯರ್. ಬಳಗದ ಕಾರ್ಯದರ್ಶಿಯೂ ಅವನೇ.

“ನೋಡ್ರೀ ಅಂಕಲ್, ಮುಂದಿನವನು ಟ್ಯಾರಿಫ್ ಹಾಕ್ದ ಅಂದ್ರೆ ನಮ್ ಲೈನ್ ಸ್ಲೋ ಆಗತ್ತೆ, ಓವರ್‌ಟೈಮ್ ಕಟ್ ಆಗತ್ತೆ. ನಂಗೆ ಅವ್ನ ಕ್ಯಾರೆಕ್ಟರ್ ಬೇಡ, ಅವ್ನ ಟ್ಯಾರಿಫ್ ಹೇಳಿ ಸಾಕು” ಎನ್ನುತ್ತಿದ್ದ ಇಂಜಿನಿಯರ್.

“ಕ್ಯಾರೆಕ್ಟರ್ ಇಲ್ಲದವನ ಟ್ಯಾರಿಫ್ ನಂಬುದು ಹೇಗೆ ಮಾರಾಯ? ಇವತ್ತು ಹಾಕ್ತಾನೆ, ನಾಳೆ ತೆಗೀತಾನೆ. ಅದಿರ್ಲಿ, ಮೊದಲು ಒಂದು ಬಲ ಹೇಳು.”

“ಬಲ... ಅವ್ನು ಬೇಜಾರೇ ಮಾಡ್ಕೊಳಲ್ಲ ಅಂಕಲ್. ಏನ್ ಬೈದ್ರೂ.”

“ಹಾಂ, ಅದು ಬಲವೇ. ಬರ್ಕೊಳ್ಳಿ ಮೇಡಂ.”

ಬರೆದುಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಆ ಶನಿವಾರಗಳು ಇಷ್ಟವಾಗಿದ್ದವು. ಇದನ್ನು ಬರೆಯದೆ ಬಿಟ್ಟರೆ ಸಿಟ್ಟು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಗರ್ಭಪಾತದ ಕಾನೂನಿನ ಬಗ್ಗೆ ಹಲ್ಲುನೋವು ಆಡಿದ ಮಾತಿಗೂ, ಎಚ್-1ಬಿ ವೀಸಾದ ಬಗ್ಗೆ ಬುಲೆಟ್ ಟ್ರೇನ್ ಆಡಿದ ಮಾತಿಗೂ ಒಂದೊಂದು ಗಂಟೆ. ಚೀನಾದ ಮೇಲೆ ಯಾರು ಕೂಗಾಡಿದರೆ ನಮ್ಮ ಬಂದರಿಗೆ ಏನಾಗುತ್ತದೆ, ಯಾರ ಹಿಂದೆ ಯಾರ ದುಡ್ಡಿದೆ, ಯಾರಿಗೆ ವಯಸ್ಸಾಯಿತು, ಯಾರಿಗೆ ಸಾಲದು. ಒಬ್ಬರೂ ಇನ್ನೊಬ್ಬರ ಮಾತು ತುಂಡು ಮಾಡುತ್ತಿರಲಿಲ್ಲ.

ಒಂದು ಸಲ ನಾನು ಅಯೋವಾದ ಪದ್ಧತಿಯನ್ನು ವಿವರಿಸಿದೆ. ಅಲ್ಲಿ ರಿಪಬ್ಲಿಕನ್ನರು ಚಳಿಗಾಲದಲ್ಲಿ ಶಾಲೆಯ ಹಾಲಿನಲ್ಲೋ ಚರ್ಚಿನಲ್ಲೋ ಸೇರುತ್ತಾರೆ. ಒಬ್ಬೊಬ್ಬ ಅಭ್ಯರ್ಥಿಯ ಪರವಾಗಿ ಅಲ್ಲಿಯವರೇ ಯಾರಾದರೂ ಎದ್ದು ಎರಡು ಮಾತಾಡುತ್ತಾರೆ. ಆಮೇಲೆ ಎಲ್ಲರೂ ಒಂದು ಚೀಟಿಯಲ್ಲಿ ಹೆಸರು ಬರೆದು ಹಾಕುತ್ತಾರೆ. ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡರು.

“ಎಂಥ ಚೆಂದ ನೋಡಿ! ಪಕ್ಕದ ಮನೆಯವನ ಮುಖ ನೋಡಿಕೊಂಡೇ ಮಾತಾಡುದು, ಚೀಟಿ ಮಾತ್ರ ಗುಟ್ಟು. ನಮ್ಮವರಿಗೆ ಇದೆಲ್ಲ ಎಲ್ಲಿಂದ ಬರಬೇಕು?”

ನಮ್ಮವರಿಗೆ ಬೇರೆಯೇ ಒಂದು ಹೆಮ್ಮೆಯಿತ್ತು. ಬಳಗ ಶುರುವಾದಂದಿನಿಂದ ಒಂದು ಚುನಾವಣೆಯೂ ನಡೆದಿಲ್ಲ ಎಂಬ ಹೆಮ್ಮೆ. ಪ್ರತಿ ವಾರ್ಷಿಕ ಸಭೆಯಲ್ಲಿ ಅಂಕಲ್ ಆ ಮಾತು ಹೇಳುತ್ತಿದ್ದರು, ಪ್ರತಿ ಸಲ ಚಪ್ಪಾಳೆ ಬೀಳುತ್ತಿತ್ತು. ಸಭೆಗೆ ಎರಡು ವಾರ ಮೊದಲು ಅವರು ಮನೆಮನೆಗೆ ಫೋನ್ ಮಾಡುತ್ತಿದ್ದರು. ‘ಇಂಥವರು ಅಂತ ಅಂದುಕೊಂಡಿದ್ದೇವೆ, ನಿಮ್ಮದೇನೂ ಇಲ್ಲ ಅಲ್ಲ?’ ಏನೂ ಇರುತ್ತಿರಲಿಲ್ಲ. ನಡಾವಳಿ ಪುಸ್ತಕದಲ್ಲಿ ಆ ಒಂದು ಪದ ಮತ್ತೆ ಬಂದು ಕೂರುತ್ತಿತ್ತು: ಅವಿರೋಧವಾಗಿ.

ಆ ವರ್ಷ ಅಂಕಲ್ ಕೆಳಗಿಳಿಯುವವರಿದ್ದರು. ಇಂಜಿನಿಯರ್ ಅಧ್ಯಕ್ಷನಾಗುವುದೆಂದು ಫೋನುಗಳಲ್ಲಿ ತೀರ್ಮಾನವಾಗಿತ್ತು. ಅಂಕಲ್ ನಮ್ಮ ಮನೆಗೆ ಫೋನ್ ಮಾಡಿದಾಗ ನಾನು ಹೇಳಿದೆ: “ಅಂಕಲ್, ನಾನೂ ನಿಲ್ತೀನಿ.”

ಯಾಕೆ ನಿಲ್ಲಬೇಕೆನಿಸಿತು? ಸೇವೆಗಾಗಿ, ಮಕ್ಕಳ ಕನ್ನಡಕ್ಕಾಗಿ, ಹೆಣ್ಣುಮಕ್ಕಳಿಗೆ ದಾರಿಯಾಗಲೆಂದು ಎಂದು ಬರೆಯಬಹುದು. ಯಾವುದೂ ಅಲ್ಲ. ನನಗೆ ಆ ಕುರ್ಚಿ ಬೇಕಿತ್ತು. ಹಲ್ಲುನೋವಿಗೆ ಬೇಕಿದ್ದ ಹಾಗೆ, ಬುಲೆಟ್ ಟ್ರೇನಿಗೆ ಬೇಕಿದ್ದ ಹಾಗೆ. ಅವರಿಗೆ ಯಾಕೆ ಬೇಕು ಎಂದು ನಾವು ಒಂದು ಶನಿವಾರವೂ ಕೇಳಿರಲಿಲ್ಲ. ಗೆಲ್ಲುತ್ತಾರೋ ಇಲ್ಲವೋ ಎಂದಷ್ಟೇ ಕೇಳಿದ್ದೆವು.

ಮುಂದಿನ ಶನಿವಾರ ಕಲ್ಲಿನ ಮೇಜಿನ ಸುತ್ತ ಎಂದಿಗಿಂತ ಹೆಚ್ಚು ಜನ. ಅಮೆರಿಕದ ವಿಷಯ ಹತ್ತೇ ನಿಮಿಷದಲ್ಲಿ ಮುಗಿಯಿತು. ಕೋಪಿ ಬಂತು. ಅಂಕಲ್ ಗಂಟಲು ಸರಿಮಾಡಿಕೊಂಡರು.

“ಮೇಡಂ ಬಗ್ಗೆ ನಮಗೆಲ್ಲ ಎಷ್ಟು ಗೌರವ ಅಂತ ಹೇಳ್ಬೇಕಾಗಿಲ್ಲ. ಇಷ್ಟು ವರ್ಷದಲ್ಲಿ ಒಂದು ಕಾರ್ಯಕ್ರಮಕ್ಕೂ ತಪ್ಪಿಸಿಲ್ಲ. ಲೆಕ್ಕಪತ್ರ, ಕೋಷ್ಟಕ, ಎಲ್ಲ ಎಕ್ಸ್‌ಪರ್ಟ್.”

ಬೈಯುವ ಮೊದಲು ಬಲ. ಅವರು ಕಟ್ಟಳೆ ಪಾಲಿಸುತ್ತಿದ್ದಾರೆ ಎಂದು ನನಗೆ ಆ ಕ್ಷಣದಲ್ಲೇ ಹೊಳೆಯಿತು ಎಂದು ಬರೆಯುವ ಆಸೆಯಾಗುತ್ತಿದೆ. ಹೊಳೆಯಲಿಲ್ಲ. ನಾನು ಹಲ್ಲು ಬಿಟ್ಟು ನಕ್ಕೆ. ಹೊಗಳಿಕೆ ಎಂದುಕೊಂಡೆ.

“ಆದ್ರೆ...” ಎಂದರು ಅಂಕಲ್.

ಆಮೇಲೆ ಒಬ್ಬೊಬ್ಬರೂ. ಎಷ್ಟು ಸಭ್ಯವಾಗಿ! ಮೇಡಂ ಸ್ವಲ್ಪ ಸ್ಟ್ರೈಟ್ ಫಾರ್ವರ್ಡ್. ಮೇಡಂಗೆ ಆಫೀಸ್ ಟ್ರಾವೆಲ್ ಜಾಸ್ತಿ. ಮೇಡಂ ಮಗಳು ಈ ವರ್ಷ ಪಿಎಸ್‌ಎಲ್‌ಇ ಬರೀತಾಳೆ, ಪ್ರೈಮರಿ ಆರು ಅಂದ್ರೆ ಹುಡುಗಾಟವಾ? ಇಂಜಿನಿಯರನ ಮಗನೂ ಅದೇ ಪರೀಕ್ಷೆಗೆ ಕೂರುವವನಿದ್ದ. ಅದು ಅವನ ಯಾವ ಕಾಲಂನಲ್ಲೂ ಬರಲಿಲ್ಲ. ಅವನನ್ನು ಯಾರೂ ತೂಗಲೇ ಇಲ್ಲ. ಅವನು ತಕ್ಕಡಿಯ ಆಚೆ ನಿಂತು ನೋಡುತ್ತಿದ್ದ. ನನ್ನ ಗಂಡ ಪಕ್ಕದಲ್ಲೇ ಕೂತು, ತಳದ ಮಂದ ಸಿಹಿಹಾಲು ಎಂದೋ ಕರಗಿದ್ದ ಕೋಪಿಯನ್ನು ಕಲಕುತ್ತಲೇ ಇದ್ದ.

“ನಾನು ಗೆಲ್ಲಲ್ಲ ಅಂತಾನಾ ನಿಮ್ ಮಾತು? ಗೆಲ್ದೇ ಇದ್ರೆ ಬೇಡ. ಓಟ್ ಹಾಕಿ, ಸೋಲಿಸಿ” ಎಂದೆ.

“ಗೆಲ್ಲುದು ಸೋಲುದು ಪ್ರಶ್ನೆ ಅಲ್ಲ ಮಾರಾಯ್ತಿ. ಓಟು ಅಂತ ಆದ್ರೆ ಮನಸ್ಸು ಒಡೀತದೆ. ಇಲ್ಲಿ ಇರುದೇ ನಾಲ್ಕು ಜನ ನಾವು.”

ಆಗ ಇಂಜಿನಿಯರ್ ಫೋನ್ ತೆಗೆದ. ತೆಗೆದದ್ದು ತಮಾಷೆಗೆ, ಮುಖದಲ್ಲಿ ನಗು ಇತ್ತು. “ಮೇಡಂ, ಬೇಜಾರ್ ಮಾಡ್ಕೋಬೇಡಿ, ಇದು ನಿಮ್ದೇ ಡಾಕ್ಯುಮೆಂಟ್” ಎಂದು ಗಟ್ಟಿಯಾಗಿ ಓದಿದ. ಕೋಷ್ಟಕದಲ್ಲಿ ‘ಆಕೆ’ಯ ಸಾಲು. ಬಲ: ವಿದೇಶಾಂಗ ವಿಷಯ ಬಲ್ಲಳು, ಎದುರಾಳಿ ಕೂಗಿದರೂ ದನಿ ಏರಿಸುವುದಿಲ್ಲ. ದೌರ್ಬಲ್ಯ: ಗೆಲ್ಲುವ ಲೆಕ್ಕವಿಲ್ಲ ಎಂದು ಗೊತ್ತಿದ್ದೂ ಹಿಂದೆ ಸರಿಯುತ್ತಿಲ್ಲ. ಹಟ. ಇದರಿಂದ ಪಕ್ಷಕ್ಕೆ ಮುಜುಗರ.

ಎಲ್ಲರೂ ನಕ್ಕರು. ಅಂಕಲ್ ಕೂಡ. ನನ್ನ ಗಂಡ ನಗಲಿಲ್ಲ ಎಂದು ನನ್ನ ನೆನಪು ಹೇಳುತ್ತದೆ. ಅದರ ಮಾತಿಗೆ ಎಷ್ಟು ಬೆಲೆಯೆಂದು ಮೊದಲೇ ಹೇಳಿದ್ದೇನೆ.

ನಾನೇ ಬರೆದದ್ದು. ಅದನ್ನು ಬರೆದ ದಿನ ನನಗೆ ನೆನಪಿದೆ, ನೆನಪಿದೆ ಎಂದುಕೊಂಡಿದ್ದೇನೆ: ಕ್ಯಾಷ್ಯೂ ನಿಲ್ದಾಣ ದಾಟುವಾಗ, ಹೆಬ್ಬೆರಳಿನಲ್ಲಿ, ಎರಡನೇ ಸಲ ಯೋಚಿಸದೆ. ಹಲ್ಲುನೋವು ಸಮೀಕ್ಷೆಗಳಲ್ಲಿ ಸೋಲುತ್ತಾ ಸೋಲುತ್ತಾ ಉಳಿದುಕೊಂಡಿದ್ದಾಗ ಅವನ ಸಾಲಿನಲ್ಲಿ ನಾನು ‘ಛಲ’ ಎಂದು ಬರೆದಿದ್ದೆ. ಬಲದ ಕಾಲಂನಲ್ಲಿ. ಯಾರೂ ನನ್ನ ಕೈ ಹಿಡಿದು ಬರೆಸಿರಲಿಲ್ಲ.

ಭಾನುವಾರ ಮಧ್ಯಾಹ್ನ ಆ ಕಡತ ತೆರೆದು ಕೂತೆ. ಆ ಸಾಲನ್ನು ಬಲದ ಕಾಲಂಗೆ ಎಳೆದು ಹಾಕಿದೆ ಎಂದರೆ ಈ ಬರಹಕ್ಕೆ ಒಂದು ಬೆನ್ನೆಲುಬು ಬರುತ್ತದೆ. ಎಳೆದು ಹಾಕಲಿಲ್ಲ. ಆಕೆಯ ನಿಲುವುಗಳಲ್ಲಿ ಅರ್ಧಕ್ಕರ್ಧ ನನಗೆ ಆಗುವುದಿಲ್ಲ. ಓಟಿದ್ದಿದ್ದರೆ ಹಾಕುತ್ತಿರಲಿಲ್ಲ. ಅವಳು ನನ್ನ ಅಕ್ಕನೂ ಅಲ್ಲ, ನನ್ನ ಕನ್ನಡಿಯೂ ಅಲ್ಲ. ಅಳಿಸಲೂ ಇಲ್ಲ. ಅಳಿಸಿದರೆ ನಾನು ಹಾಗೆ ಬರೆದವಳೇ ಅಲ್ಲವೆಂದಾಗುತ್ತದೆ. ಬರೆದವಳು ನಾನೇ. ಸಿಟ್ಟಿನ ಒಂದು ಪಾಲು ಅಲ್ಲಿಗೆ ಸಲ್ಲಬೇಕು.

ಮಗಳು ಹಿಂದಿನಿಂದ ಬಂದು ಪರದೆ ನೋಡಿದಳು.

“ಅಮ್ಮಾ, ನೀನು ನಿಂತ್ರೆ ಇಲೆಕ್ಷನ್ ಲೂಸ್ ಆಗ್ತೀಯ ಲಾ.”

“ಆಗ್ತೀನಿ.”

“ದೆನ್ ವೈ?”

“ಹೋಗಿ ಮ್ಯಾಥ್ಸ್ ಮಾಡು.”

ಗಂಡ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. “ಬಿಟ್ಬಿಡೋಣ ಕಣೇ. ನಾಳೆ ಲಿಫ್ಟಲ್ಲಿ ಎಲ್ರ ಮುಖ ನೋಡ್ಬೇಕು.”

“ನೋಡು. ನಿಂಗೇನ್ ಕಣ್ ಹೋಗಿದ್ಯಾ?”

ಅವನು ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದ. ಒಳ್ಳೆಯವನು. ಒಳ್ಳೆಯವನು ಎಂದರೆ ಆ ವಾರ ನನಗೆ ಯಾವ ಪ್ರಯೋಜನಕ್ಕೂ ಬಾರದವನು.

ವಾರ್ಷಿಕ ಸಭೆ ಕಮ್ಯುನಿಟಿ ಕ್ಲಬ್ಬಿನ ಎರಡನೇ ಮಹಡಿಯ ಕೋಣೆಯಲ್ಲಿ. ಎಸಿ ಎಷ್ಟು ತಣ್ಣಗಿತ್ತೆಂದರೆ ಹೆಂಗಸರು ಸೆರಗು ಹೊದ್ದು ಕೂತಿದ್ದರು. ವರದಿ, ವಂದನೆ, ಹಾಡು. ಆಮೇಲೆ ಅಂಕಲ್ ಎದ್ದು, ಈ ಸಲ ಎರಡು ಹೆಸರು ಬಂದಿದೆ ಎಂದರು. ಯಾರದ್ದೋ ಸಾವಿನ ಸುದ್ದಿ ಹೇಳುವ ದನಿಯಲ್ಲಿ.

ನಾನು ಬ್ಯಾಗಿನಿಂದ ಬಿಳಿ ಚೀಟಿಗಳ ಕಟ್ಟು ತೆಗೆದೆ. ಹಿಂದಿನ ದಿನ ಆಫೀಸಿನಲ್ಲಿ ಕತ್ತರಿಸಿ ತಂದಿದ್ದೆ.

“ಇದೆಲ್ಲ ಬೇಡ ಮೇಡಂ” ಎಂದರು ಅಂಕಲ್.

“ಅಯೋವಾದಲ್ಲಿ ಚೆಂದ ಅಂದ್ರಿ.”

“ಅದು ಅಯೋವಾ. ಅವರಿಗೆ ನಾಳೆ ಒಟ್ಟಿಗೆ ದೋಸೆ ತಿನ್ನಲಿಕ್ಕಿಲ್ಲ. ನಮ್ಮಲ್ಲಿ ಮುಚ್ಚುಮರೆ ಯಾಕೆ? ಕೈ ಎತ್ತಿದ್ರೆ ಆಯ್ತು.”

ಕೈ ಎತ್ತಬೇಕು. ಇಪ್ಪತ್ತು ವರ್ಷಗಳಿಂದ ಅಂಕಲ್ ಜಾಮೀನಿನಲ್ಲಿ ಬಾಡಿಗೆ ಮನೆ ಹುಡುಕಿಕೊಂಡವರು, ಅವರ ಶಿಫಾರಸಿನಲ್ಲಿ ಕೆಲಸಕ್ಕೆ ಸೇರಿದವರು, ಅವರ ಕಣ್ಣ ಮುಂದೆ ಕೈ ಎತ್ತಬೇಕು. ಮೊದಲು ಇಂಜಿನಿಯರನ ಹೆಸರು. ಕಾಡು ಎದ್ದಂತೆ ಕೈಗಳು. ಆಮೇಲೆ ನನ್ನದು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ, ತಿರುಗಿ ನೋಡಲಿಲ್ಲ. ಕಣ್ಣಂಚಿನಲ್ಲಿ ಒಬ್ಬ ಹೆಂಗಸು ಕಂಡಳು. ಕೈಯನ್ನು ಕಿವಿಯವರೆಗೆ ಎತ್ತಿ, ಕೂದಲು ಸರಿಮಾಡಿಕೊಂಡು, ಇಳಿಸಿದಳು. ಅದನ್ನು ಎಣಿಸಬೇಕೇ ಬೇಡವೇ? ಯಾರೂ ಎಣಿಸಲಿಲ್ಲ. ಎಣಿಸಬೇಕಾದ ಕಾರ್ಯದರ್ಶಿಯೇ ಅಭ್ಯರ್ಥಿ. ಅವನು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದ. ಈ ವಿಚಿತ್ರ ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಸೋತಿದ್ದೆ. ಅದರಲ್ಲಿ ಯಾವ ಅನುಮಾನವೂ ಇರಲಿಲ್ಲ. ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ. ಸೋತ ಅಭ್ಯರ್ಥಿಗಳು ಮನೆಗೆ ಹೋಗುತ್ತಾರೆ. ಆ ಏಳು ತಿಂಗಳಿನಲ್ಲಿ, ಅಥವಾ ನಾಲ್ಕರಲ್ಲಿ, ಎಷ್ಟು ಜನರನ್ನು ನಾನೇ ಮನೆಗೆ ಕಳಿಸಿರಲಿಲ್ಲ.

ಅಂಕಲ್ ನನ್ನ ಕಡೆ ತಿರುಗಿದರು. ಮುಖದಲ್ಲಿ ನಿಜವಾದ ಪ್ರೀತಿಯಿತ್ತು. ಅದೇ ತಡೆಯಲಾಗದ್ದು.

“ಈಗ ಆಯ್ತಲ್ಲ. ಎಲ್ಲರಿಗೂ ಗೊತ್ತಾಯ್ತು. ಇನ್ನು ಮೇಡಂ ದೊಡ್ಡ ಮನಸ್ಸು ಮಾಡಿ ಹೆಸರು ವಾಪಸ್ ತಗೊಂಡ್ರೆ, ಪುಸ್ತಕದಲ್ಲಿ ಅವಿರೋಧ ಅಂತಲೇ ಬರೀಬಹುದು. ನಮ್ಮ ಸಂಪ್ರದಾಯ ಉಳೀತದೆ. ಮೇಡಂ ಉಪಾಧ್ಯಕ್ಷೆ.”

ಚಪ್ಪಾಳೆ ಶುರುವಾಗಿಬಿಟ್ಟಿತು. ನಾನು ಬಾಯಿ ತೆರೆಯುವ ಮೊದಲೇ. ಸೋತ ಮೇಲೆ ಹಿಂದೆ ಸರಿಯಬೇಕು! ನಿಂತೇ ಇರಲಿಲ್ಲ ಎಂದಾಗಬೇಕು! ಹಲ್ಲುನೋವನ್ನು ಸೋಲಿಸಿದರು, ಅವನು ನಿಂತದ್ದನ್ನು ಯಾರೂ ಅಳಿಸಲಿಲ್ಲ. ಆಕೆ ಸೋತಳು, ಎಲ್ಲಿ ಎಷ್ಟರಲ್ಲಿ ಸೋತಳು ಎಂಬುದು ಕೌಂಟಿ ಕೌಂಟಿಯ ಲೆಕ್ಕದಲ್ಲಿ ಇದೆ. ನನಗೆ ಸೋಲನ್ನೂ ಕೊಡಲು ಇವರು ತಯಾರಿಲ್ಲ. ಹತ್ತು ವರ್ಷ ಬಿಟ್ಟು ಆ ಪುಸ್ತಕ ತೆರೆದವರಿಗೆ ಅಲ್ಲಿ ಎಲ್ಲ ನುಣ್ಣಗೆ ಕಾಣುತ್ತದೆ. ಆ ನುಣುಪಿಗೆ ಚಪ್ಪಾಳೆ.

“ಸೋತಿದ್ದೀನಿ. ಸೋತ್ಲು ಅಂತ ಬರೀರಿ” ಎಂದೆ.

ಹೀಗೆ ಎಂದೆನೇ? ಗಂಡನನ್ನು ಕೇಳಿದರೆ, ನಾನು ಬರೀ “ಇಲ್ಲ, ಇಲ್ಲ” ಎಂದು ಮೂರ್ನಾಲ್ಕು ಸಲ ಹೇಳಿದೆನಂತೆ, ದನಿ ಒಡೆದಿತ್ತಂತೆ. ಅವನದೇ ಸರಿಯಿರಬಹುದು. ಆದರೆ ಇಂಜಿನಿಯರ್ ಅರ್ಥ ಮಾಡಿಕೊಂಡ, ಅದು ಖಂಡಿತ. ಯಾಕೆಂದರೆ ಅವನು ಕೇಳಿದ ಪ್ರಶ್ನೆ ನನಗೆ ಅಕ್ಷರಶಃ ನೆನಪಿದೆ.

“ಎಷ್ಟು ಅಂತ ಬರೀಲಿ ಮೇಡಂ? ಯಾರೂ ಕೌಂಟ್ ಮಾಡಿಲ್ವಲ್ಲ.”

“ಹಾಗಾದ್ರೆ ಇನ್ನೊಂದ್ಸಲ ಎತ್ತಿಸಿ.”

“ಮಾರಾಯ್ತಿ, ಸಾಕು. ಊಟ ತಣ್ಣಗಾಗ್ತದೆ” ಎಂದರು ಅಂಕಲ್.

“ತಣ್ಣಗಾಗ್ಲಿ.”

ನಾನು ಎದ್ದು, ಗೋಡೆಗೆ ಬೆನ್ನು ಕೊಟ್ಟು, ಕೋಣೆಗೆ ಮುಖ ಮಾಡಿ ನಿಂತೆ. ಕೆಲವರು ಫೋನ್ ನೋಡತೊಡಗಿದರು. ಒಬ್ಬರು ಬಾಗಿಲು ತೆರೆದು ಹೊರಗೇ ಹೋದರು. ನಾನು ಕಾದೆ. ಒಂದು ಕೈ ಎದ್ದಿತು. “ಒಂದು” ಎಂದೆ, ಗಟ್ಟಿಯಾಗಿ, ಆ ಮುಖ ನೋಡಿಕೊಂಡು. ಕೂದಲು ಸರಿಮಾಡಿಕೊಂಡ ಹೆಂಗಸು ಈ ಸಲ ತಲೆ ತಗ್ಗಿಸಿಯೇ ಇದ್ದಳು. ಅವಳನ್ನೂ ನೋಡಿದೆ. ಎರಡು. ಮೂರು. ಐದು ಎನ್ನುವಾಗ ನನ್ನ ಗಂಡನ ಮುಖ ಬಂತು. ಕೈ ಪೂರ್ತಿ ಮೇಲಿತ್ತು. ಮೊದಲ ಸಲವೂ ಇತ್ತೇ ಎಂದು ನಾನು ಇಂದಿಗೂ ಕೇಳಿಲ್ಲ. ಏಳು. ಎಂಟು. ಯಾರೆಂದು ನನಗೆ ಸರಿಯಾಗಿ ಗೊತ್ತೂ ಇಲ್ಲದ, ಹೊಸದಾಗಿ ಬಂದ ಒಬ್ಬಾತ ಹಿಂದಿನ ಸಾಲಿನಲ್ಲಿ ಅತ್ತಿತ್ತ ನೋಡಿ ಕೈ ಎತ್ತಿದ. ಒಂಬತ್ತು.

ಇನ್ನೂ ಸ್ವಲ್ಪ ಹೊತ್ತು ನಿಂತೆ. ಬೇರೆ ಯಾವುದೂ ಏಳಲಿಲ್ಲ.

ಇಂಜಿನಿಯರ್ ಪುಸ್ತಕದಲ್ಲಿ ಅಂಕಿ ಬರೆದು ಮುಚ್ಚಲು ಹೋದ. ನಾನು ಹೋಗಿ ಅವನ ಮೇಜಿನ ಪಕ್ಕ ನಿಂತೆ.

“ಅಕ್ಷರದಲ್ಲೂ ಬರೀರಿ” ಎಂದೆ.